ಸೌದೆ ಮತ್ತು ವಿದ್ಯುಚ್ಛಕ್ತಿಯ ಮಿತವ್ಯಯದಿಂದ ಉದ್ಯಮಗಳಿಗೆ ಆಗುವ ಲಾಭ

ತುಮಕೂರು ನಗರದ ಮಗ್ಗುಲಿನ ಸತ್ಯಮಂಗಲದಲ್ಲಿ ಕೈಗಾರಿಕಾ ಪ್ರದೇಶವೊಂದು ಇರುವುದು ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಜನರೆಲ್ಲರಿಗೂ ತಿಳಿದ ಸಂಗತಿ. ಹಿರೇಹಳ್ಳಿ, ಅಂತರಸನಹಳ್ಳಿ, ವಸಂತನರಸಾಪುರಗಳಲ್ಲಿಯೂ ಕಾರ್ಖಾನೆಗಳು ನೆಲೆಗೊಂಡಿವೆ. ಸರಿಯಾಗಿ ನಡೆಯುವ ಯಾವ ಕಾರ್ಖಾನೆಯ ಲೆಕ್ಕಪುಸ್ತಕವನ್ನು ತೆರೆದು ನೋಡಿದರೂ, ಸಾಮಗ್ರಿಯ ಬೆಲೆ ಮತ್ತು ಕೂಲಿಯ ಜೊತೆಗೆ ವಿದ್ಯುಚ್ಛಕ್ತಿ ಮತ್ತು ಇಂಧನದ ಖರ್ಚು ಒಂದು ಪ್ರತ್ಯೇಕ ಬಾಬ್ತಾಗಿ ಕಂಡುಬರುವುದು. ಹಳ್ಳಿಗಳಲ್ಲಿ ಅಡಿಕೆ ಬೇಯಿಸುವ ಒಲೆ, ಅಕ್ಕಿಯ ಗಿರಣಿ, ಎಣ್ಣೆಯ ಗಾಣ, ಇಟ್ಟಿಗೆಯ ಗೂಡು, ಕೊಳವೆ ಬಾವಿಯ ಪಂಪು ಇವುಗಳೂ ಉದ್ಯಮಗಳೇ ಆಗಿವೆ. ಆದರೆ ಇವುಗಳಲ್ಲಿ ಸುಟ್ಟ ಸೌದೆಯೆಷ್ಟು, ಉರಿದ ಡೀಸೆಲ್ಲೆಷ್ಟು, ಓಡಿದ ಯೂನಿಟ್ಟುಗಳೆಷ್ಟು ಎಂಬುದನ್ನು ಬರೆದಿಡುವವರು ಅಪರೂಪ. ಬರೆದಿಡದ ಖರ್ಚು ಕಣ್ಣಿಗೆ ಬೀಳುವುದಿಲ್ಲ. ಕಣ್ಣಿಗೆ ಬೀಳದ ಖರ್ಚನ್ನು ಯಾರೂ ಕಡಮೆಮಾಡಲಾರರು.

ಈಚಿನ ವರ್ಷಗಳಲ್ಲಿ ಹವೆಯು ಕೆಡುತ್ತಿರುವ ವಿಷಯವಾಗಿ ಲೋಕದಲ್ಲೆಲ್ಲ ಚರ್ಚೆ ನಡೆಯುತ್ತಿದೆ. ಹೊಗೆಯನ್ನು ತಗ್ಗಿಸಬೇಕೆಂಬ ಮಾತನ್ನು ಕೇಳಿದ ಅನೇಕ ಜಮೀನುದಾರರು, ಇದು ದೊಡ್ಡ ಕಾರ್ಖಾನೆಗಳ ಕೆಲಸ, ಇದರಿಂದ ತಮಗೆ ಖರ್ಚೇ ಹೊರತು ಲಾಭವಿಲ್ಲ ಎಂದು ಭಾವಿಸುವುದುಂಟು. ವಾಸ್ತವವಾಗಿ ಇಂಧನವನ್ನು ಉಳಿಸುವುದೂ ಹೊಗೆಯನ್ನು ತಗ್ಗಿಸುವುದೂ ಬಹುಮಟ್ಟಿಗೆ ಒಂದೇ ಕೆಲಸ. ಅದರ ಲಾಭವು ಮೊದಲು ಸೇರುವುದು ಇಂಧನಕ್ಕೆ ಹಣ ತೆರುವವನ ಕೈಗೆ. ಈ ಲಾಭವು ಎಲ್ಲಿ ಎಷ್ಟು ದೊರೆಯುವುದು, ಯಾವ ಸಂದರ್ಭದಲ್ಲಿ ದೊರೆಯಲಾರದು ಎಂಬುದನ್ನು ಈ ಲೇಖನದಲ್ಲಿ ವಿವರಿಸಿದೆ.

ಇಂಧನಕ್ಕೂ ಹವೆಗೂ ಇರುವ ಸಂಬಂಧ

ಪಾಲಿಹೌಸಿನೊಳಗೆ ಬೆಳೆ ಮಾಡಿದವರಿಗೆ ಒಂದು ಅನುಭವವಿರುವುದು. ಬಿಸಿಲು ಹಾಳೆಯ ಮೂಲಕ ಸುಲಭವಾಗಿ ಒಳಕ್ಕೆ ಬರುವುದು. ಒಳಗಿನ ಕಾವು ಅಷ್ಟು ಸುಲಭವಾಗಿ ಹೊರಕ್ಕೆ ಹೋಗದು. ಭೂಮಿಯನ್ನು ಸುತ್ತಿರುವ ವಾಯುಮಂಡಲದಲ್ಲಿ ಕೆಲವು ವಾಯುಗಳು ಇದೇ ಬಗೆಯಲ್ಲಿ ನೆಲದ ಕಾವನ್ನು ಹಿಡಿದಿಡುವುವು. ಇವಕ್ಕೆ ಹಸುರುಮನೆ ವಾಯುಗಳೆಂದು ಹೆಸರು. ಇವುಗಳಲ್ಲಿ ಮುಖ್ಯವಾದದ್ದು ಇಂಗಾಲಾಮ್ಲ ವಾಯು, ಎಂದರೆ ಕಾರ್ಬನ್ ಡೈ ಆಕ್ಸೈಡ್. ಕಲ್ಲಿದ್ದಲು, ಡೀಸೆಲ್, ಸೌದೆ ಇವುಗಳಲ್ಲಿರುವ ಇಂಗಾಲವು ಉರಿಯುವಾಗ ಗಾಳಿಯ ಆಮ್ಲಜನಕದೊಡನೆ ಸೇರಿ ಈ ವಾಯುವಾಗುವುದು. ಆದಕಾರಣ ಒಂದು ಲೀಟರು ಡೀಸೆಲ್ಲಿನ ತೂಕವು ಒಂದು ಕಿಲೋಗ್ರಾಮಿಗೂ ಕಡಮೆಯಾಗಿದ್ದರೂ, ಅದು ಉರಿದಾಗ ಹೊರಡುವ ಇಂಗಾಲಾಮ್ಲ ವಾಯುವಿನ ತೂಕವು 2½ ಕಿಲೋಗ್ರಾಮನ್ನು ಮೀರುವುದು. ನಮ್ಮ ದೇಶದ ವಿದ್ಯುಚ್ಛಕ್ತಿಯ ಹೆಚ್ಚು ಭಾಗವು ಕಲ್ಲಿದ್ದಲಿನಿಂದ ತಯಾರಾಗುವುದರಿಂದ, ಸರಾಸರಿಯಲ್ಲಿ ಒಂದು ಯೂನಿಟ್ಟಿನ ಹಿಂದೆ ಸುಮಾರು 700 ಗ್ರಾಮು ಇಂಗಾಲಾಮ್ಲ ವಾಯುವು ಹೊರಟಿರುತ್ತದೆ.

ಎರಡನೆಯದು ಮೀಥೇನ್. ಇದು ದನಗಳ ಮೆಲುಕಿನಿಂದಲೂ, ನೀರು ನಿಂತ ಭತ್ತದ ಗದ್ದೆಯಿಂದಲೂ, ಗಾಳಿಯಾಡದ ಸಗಣಿಯ ಗುಂಡಿಯಿಂದಲೂ ಹುಟ್ಟುವುದು. ನೂರು ವರ್ಷಗಳ ಅವಧಿಯಲ್ಲಿ ಲೆಕ್ಕಹಾಕಿದರೆ, ತೂಕಕ್ಕೆ ತೂಕ ಇದರ ಕಾವು ಹಿಡಿಯುವ ಶಕ್ತಿಯು ಇಂಗಾಲಾಮ್ಲ ವಾಯುವಿಗಿಂತ ಸುಮಾರು 28 ಪಾಲು ಹೆಚ್ಚು. ಇದೇ ಮೀಥೇನನ್ನು ಗೋಬರ್ ಅನಿಲ ಸ್ಥಾವರದಲ್ಲಿ ಹಿಡಿದರೆ ಅದು ಒಳ್ಳೆಯ ಇಂಧನವಾಗುವುದು. ಗುಂಡಿಯಿಂದ ಹಾರಿಹೋಗುವ ವಸ್ತುವು ಒಲೆಯಲ್ಲಿ ಉರಿದು ಅಡುಗೆಯನ್ನು ಮಾಡಿಕೊಡುವುದು.

ಸೌದೆಯ ವಿಷಯದಲ್ಲಿ ಒಂದು ವ್ಯತ್ಯಾಸವನ್ನು ತಿಳಿದಿರಬೇಕು. ಕಡಿದ ಮರದ ಸ್ಥಳದಲ್ಲಿ ಮತ್ತೊಂದು ಮರವು ಬೆಳೆದರೆ, ಸುಟ್ಟಾಗ ಹೊರಟ ಇಂಗಾಲವು ಆ ಮರದೊಳಕ್ಕೆ ಹಿಂದಿರುಗುವುದು. ಗಿಡ ನೆಡದೆ ತೋಪುಗಳನ್ನು ಬರಿದುಮಾಡಿ ಸುಡುವುದರಿಂದ ಹವೆಗೂ ನಷ್ಟ, ಊರಿಗೂ ನಷ್ಟ.

ಕಾರ್ಖಾನೆ ಮತ್ತು ಗಿರಣಿಗಳಲ್ಲಿ

ಕಾರ್ಖಾನೆಗಳಲ್ಲಿ ಹೆಚ್ಚಿನ ಉಳಿತಾಯವು ದೊರೆಯುವುದು ಸಾಧಾರಣವಾದ ಕೆಲಸಗಳಿಂದ. ಒತ್ತಿದ ಗಾಳಿಯನ್ನು ಸಾಗಿಸುವ ಕೊಳವೆಯಲ್ಲಿ 3 ಮಿಲಿಮೀಟರು ಅಗಲದ ತೂತು ಒಂದಿದ್ದರೆ, ಸಾಮಾನ್ಯ ಒತ್ತಡದಲ್ಲಿ ಸುಮಾರು 3 ಕಿಲೋವಾಟ್ ಶಕ್ತಿಯು ಹಗಲಿರುಳೂ ಅದರ ಮೂಲಕ ಸೋರಿಹೋಗುವುದು. ಉಗಿಯ ಕೊಳವೆಗಳಿಗೆ ಹೊದಿಕೆ ಹಾಕುವುದು, ಬಾಯ್ಲರಿನಲ್ಲಿ ಗಟ್ಟಿಕಟ್ಟಿದ ಪದರವನ್ನು ತೆಗೆಯಿಸುವುದು, 60 ವಾಟಿನ ಹಳೆಯ ಬಲ್ಬಿನ ಸ್ಥಾನದಲ್ಲಿ 9 ವಾಟಿನ ಎಲ್.ಇ.ಡಿ. ದೀಪವನ್ನು ಹಾಕುವುದು, ಇವೆಲ್ಲ ಸ್ವಲ್ಪ ಕಾಲದಲ್ಲಿಯೇ ಹಾಕಿದ ಹಣವನ್ನು ಹಿಂದಕ್ಕೆ ತರುವ ಕೆಲಸಗಳು.

ಮೋಟಾರಿನ ವಿಷಯವನ್ನು ಹಳ್ಳಿಯ ಗಿರಣಿಯವರು ಗಮನಿಸಬೇಕು. 5 ಅಶ್ವಶಕ್ತಿಯ ಮೋಟಾರೊಂದು ಪೂರ್ಣ ಭಾರದಲ್ಲಿ ದಿನಕ್ಕೆ 10 ಗಂಟೆಯಂತೆ ವರ್ಷಕ್ಕೆ 300 ದಿನ ನಡೆಯುವುದೆಂದು ಇಟ್ಟುಕೊಳ್ಳೋಣ. ಅದು ಹೀರಿದ ಶಕ್ತಿಯಲ್ಲಿ ನೂರಕ್ಕೆ 80 ಭಾಗವನ್ನು ಕೆಲಸಕ್ಕೆ ಕೊಡುವುದಾದರೆ ವರ್ಷಕ್ಕೆ ಸುಮಾರು 13,900 ಯೂನಿಟ್ಟು ಬೇಕು. 88 ಭಾಗವನ್ನು ಕೊಡುವುದಾದರೆ 12,600 ಯೂನಿಟ್ಟು ಸಾಕು. ಯೂನಿಟ್ಟಿಗೆ 7 ರೂಪಾಯಿಯಂತೆ ಹಿಡಿದರೂ ವರ್ಷಕ್ಕೆ ಸುಮಾರು 9,000 ರೂಪಾಯಿ ಉಳಿಯುವುದು. ಮೋಟಾರಿನ ಬೆಲೆಯನ್ನು ಒಂದು ಸಲ ಕೊಡುವರು. ಅದು ಹೀರುವ ವಿದ್ಯುಚ್ಛಕ್ತಿಯ ಬೆಲೆಯನ್ನು ಪ್ರತಿ ತಿಂಗಳೂ ಕೊಡುವರು. ಸುಟ್ಟುಹೋದ ಮೋಟಾರಿಗೆ ಮತ್ತೆ ಮತ್ತೆ ತಂತಿ ಸುತ್ತಿಸಿ ಓಡಿಸುವವರು ಈ ಎರಡನೆಯ ಬೆಲೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

2001ರ ಶಕ್ತಿ ಸಂರಕ್ಷಣಾ ಕಾನೂನಿನ ಮೇರೆಗೆ 2002ರಲ್ಲಿ ಕೇಂದ್ರ ಸರ್ಕಾರದವರು ಇಂಧನ ದಕ್ಷತಾ ಮಂಡಳಿಯನ್ನು ಸ್ಥಾಪಿಸಿದರು. ಯಂತ್ರಗಳ ಮೇಲೆ ಕಾಣುವ ನಕ್ಷತ್ರದ ಗುರುತು ಈ ಮಂಡಳಿಯದು. ನಕ್ಷತ್ರಗಳು ಹೆಚ್ಚಿದಷ್ಟೂ ಅದೇ ಕೆಲಸಕ್ಕೆ ಬೇಕಾಗುವ ವಿದ್ಯುಚ್ಛಕ್ತಿಯು ಕಡಮೆ ಎಂದು ತಿಳಿಯಬೇಕು. ಓದುಬರಹ ಹೆಚ್ಚಾಗಿ ತಿಳಿಯದವರೂ ಗುರುತನ್ನು ಎಣಿಸಿ ಯಂತ್ರವನ್ನು ಆರಿಸಿಕೊಳ್ಳಬಹುದು.

ಒಲೆ ಮತ್ತು ಗೂಡು

ಹಳ್ಳಿಗಳ ಇಂಧನವನ್ನು ತೂಗಿ ಅಳೆದು ಲೆಕ್ಕವಿಟ್ಟ ಕೆಲಸವು ಇದೇ ಜಿಲ್ಲೆಯಲ್ಲಿ ನಡೆದುದು ಹೆಮ್ಮೆಪಡತಕ್ಕ ವಿಷಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಅಮೂಲ್ಯ ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ 'ಅಸ್ತ್ರ' ಎಂಬ ವಿಭಾಗವು ಆರಂಭವಾಯಿತು. ವಿಜ್ಞಾನವನ್ನು ಗ್ರಾಮಗಳಿಗೆ ಉಪಯೋಗಿಸುವುದು ಅದರ ಉದ್ದೇಶ. ಅದರ ವಿಸ್ತರಣಾ ಕೇಂದ್ರವು ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಏರ್ಪಟ್ಟಿತು. ಉಂಗ್ರ ಮತ್ತು ಅದರ ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೂ ಹೋಗಿ, ಸೌದೆ, ಸೀಮೆಎಣ್ಣೆ, ವಿದ್ಯುಚ್ಛಕ್ತಿ, ಎತ್ತುಗಳ ದುಡಿಮೆ, ಮನುಷ್ಯರ ದುಡಿಮೆ ಇವೆಲ್ಲವನ್ನೂ 1970ರ ದಶಕದಲ್ಲಿ ಲೆಕ್ಕಕ್ಕೆ ತಂದರು. ಪುರ ಎಂಬ ಹಳ್ಳಿಯಲ್ಲಿ ವ್ಯಯವಾಗುವ ಶಕ್ತಿಯಲ್ಲಿ ಬಹುಭಾಗವು ಸೌದೆಯದೆಂದೂ, ಅದರಲ್ಲಿ ಬಹುಪಾಲು ಅಡುಗೆಯ ಒಲೆಗೆ ಹೋಗುವುದೆಂದೂ ಕಂಡುಬಂತು. ಸೌದೆಯನ್ನು ಆಯ್ದು ಹೊತ್ತು ತರುವ ಹೆಂಗಸರ ಮತ್ತು ಮಕ್ಕಳ ಶ್ರಮವನ್ನು ಅದುವರೆಗೆ ಯಾರೂ ಖರ್ಚೆಂದು ಎಣಿಸಿರಲಿಲ್ಲ.

ಈ ಅಳತೆಯ ಫಲವಾಗಿ ಹುಟ್ಟಿದುದೇ ಅಸ್ತ್ರ ಒಲೆ. ಹಳೆಯ ಮೂರು ಗುಂಡಿನ ಒಲೆಯಲ್ಲಿ ಸೌದೆಯ ಕಾವಿನಲ್ಲಿ ನೂರಕ್ಕೆ ಹತ್ತು ಹದಿನೈದು ಭಾಗ ಮಾತ್ರ ಪಾತ್ರೆಗೆ ತಗಲುವುದು. ಉಳಿದುದೆಲ್ಲ ಗಾಳಿಯ ಪಾಲು. ಅಸ್ತ್ರ ಒಲೆಯನ್ನು ಸರಿಯಾದ ಅಳತೆಯಲ್ಲಿ ಕಟ್ಟಿದಾಗ ಮೂವತ್ತು ಭಾಗಕ್ಕೂ ಮೇಲ್ಪಟ್ಟು ಪಾತ್ರೆಗೆ ತಗಲುವುದೆಂದು ಪರೀಕ್ಷೆಗಳಲ್ಲಿ ಕಂಡಿತು. ಅದರಲ್ಲಿ ಮಾಯಾಮಂತ್ರವೇನೂ ಇಲ್ಲ. ಸೌದೆಯ ಕೆಳಗೆ ಸರಳಿನ ಜಾಲರಿ ಇರುವುದರಿಂದ ಗಾಳಿಯು ಕೆಳಗಿನಿಂದ ಬಂದು ಉರಿಯು ಪೂರ್ಣವಾಗುವುದು. ಬಾಯಿಯು ಕಿರಿದಾಗಿರುವುದರಿಂದ ತಣ್ಣನೆಯ ಗಾಳಿಯು ಮಿತಿಮೀರಿ ನುಗ್ಗುವುದಿಲ್ಲ. ಮೊದಲನೆಯ ಪಾತ್ರೆಯನ್ನು ದಾಟಿದ ಬಿಸಿಯು ಹೊಗೆಕೊಳವೆಗೆ ಹೋಗುವ ದಾರಿಯಲ್ಲಿ ಉಳಿದ ಪಾತ್ರೆಗಳನ್ನು ಕಾಯಿಸುವುದು.

ಇದೇ ತತ್ತ್ವವು ಅಡಿಕೆ ಬೇಯಿಸುವ ಒಲೆಗೂ ಅನ್ವಯಿಸುವುದು. ಒಂದು ಸುಗ್ಗಿಯಲ್ಲಿ 40 ಕ್ವಿಂಟಲ್ ಸೌದೆ ಸುಡುವ ತೋಟದ ಯಜಮಾನನನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಹಂಡೆಗೆ ತಗಲುವ ಕಾವು ನೂರಕ್ಕೆ 15ರಿಂದ 30ಕ್ಕೆ ಏರಿದರೆ ಅದೇ ಅಡಿಕೆಗೆ 20 ಕ್ವಿಂಟಲ್ ಸಾಕಾಗುವುದು. ಕ್ವಿಂಟಲಿಗೆ 500 ರೂಪಾಯಿ ಬೆಲೆಯಿದ್ದರೆ ಉಳಿತಾಯವು 10,000 ರೂಪಾಯಿ. ಸೌದೆ ಒಡೆಯುವ ಮತ್ತು ಸಾಗಿಸುವ ಕೂಲಿಯು ಇದಕ್ಕೆ ಸೇರಿಲ್ಲ. ಹೊಸ ಒಲೆಯನ್ನು ಕಟ್ಟದಿದ್ದರೂ ಕೆಲವು ಉಪಾಯಗಳಿವೆ. ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರಿರಬಹುದು. ಆ ನೀರನ್ನು ಆವಿಮಾಡುವುದಕ್ಕೇ ಕಾವಿನ ಒಂದು ಪಾಲು ವ್ಯರ್ಥವಾಗುವುದು. ಆದುದರಿಂದ ಸೌದೆಯನ್ನು ಸುಗ್ಗಿಗೆ ಆರು ತಿಂಗಳು ಮೊದಲೇ ಸೀಳಿ ಮಳೆ ತಾಕದ ಕಡೆ ಒಟ್ಟಬೇಕು. ಹಂಡೆಗೆ ಮುಚ್ಚಳವಿರಬೇಕು. ಒಲೆಯು ಆರುವುದಕ್ಕೆ ಬಿಡದೆ ಒಂದರ ಮೇಲೊಂದು ಹಂಡೆಯನ್ನು ಬೇಯಿಸಿದರೆ ತಣ್ಣಗಾದ ಗೋಡೆಗಳನ್ನು ಮತ್ತೆ ಕಾಯಿಸುವ ನಷ್ಟವು ತಪ್ಪುವುದು. ನೆರೆಹೊರೆಯ ನಾಲ್ಕು ತೋಟದವರು ಒಂದು ಒಳ್ಳೆಯ ಒಲೆಯನ್ನು ಸರದಿಯ ಮೇಲೆ ಉಪಯೋಗಿಸುವುದು ನಾಲ್ಕು ಕೆಟ್ಟ ಒಲೆಗಳನ್ನು ಹೊತ್ತಿಸುವುದಕ್ಕಿಂತ ಮೇಲು.

ಇಟ್ಟಿಗೆಯ ಗೂಡು ಸೌದೆಯನ್ನು ನುಂಗುವ ಮತ್ತೊಂದು ಉದ್ಯಮ. ಸುಡದೆ, ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರಸಿ ಯಂತ್ರದಲ್ಲಿ ಒತ್ತಿ ತಯಾರಿಸುವ ಮಣ್ಣಿನ ಇಟ್ಟಿಗೆಯನ್ನು ಅದೇ ಅಸ್ತ್ರ ವಿಭಾಗದವರು ಬಳಕೆಗೆ ತಂದರು. ಅಂತಹ ಗೋಡೆಗೆ ತಗಲುವ ಶಕ್ತಿಯು ಸುಟ್ಟ ಇಟ್ಟಿಗೆಯ ಗೋಡೆಗೆ ತಗಲುವ ಶಕ್ತಿಯ ಮೂರನೆಯ ಒಂದು ಭಾಗದಷ್ಟು ಎಂದು ಲೆಕ್ಕಹಾಕಿದ್ದಾರೆ. ಕಣಜ, ಗೋದಾಮು, ಆಳುಗಳ ಮನೆಗಳನ್ನು ಕಟ್ಟಿಸುವ ಜಮೀನುದಾರರು ಇದನ್ನು ವಿಚಾರಿಸಬಹುದು.

ನೀರೆತ್ತುವ ಪಂಪು

ನೂರು ಮೀಟರು ಆಳದಿಂದ 10,000 ಲೀಟರು ನೀರನ್ನು ಎತ್ತುವುದಕ್ಕೆ ಪ್ರಕೃತಿಯ ನಿಯಮದಂತೆ ಬೇಕಾಗುವುದು ಸುಮಾರು 2¾ ಯೂನಿಟ್ಟು ಮಾತ್ರ. ಹೀರಿದ ಶಕ್ತಿಯಲ್ಲಿ ಕಾಲುಭಾಗವನ್ನು ಮಾತ್ರ ನೀರಿಗೆ ಕೊಡುವ ಸವೆದ ಪಂಪು 11 ಯೂನಿಟ್ಟನ್ನು ಹೀರುವುದು. ಅರ್ಧಭಾಗವನ್ನು ಕೊಡುವ ಒಳ್ಳೆಯ ಪಂಪಿಗೆ 5½ ಯೂನಿಟ್ಟು ಸಾಕು. ದಿನಕ್ಕೆ 40,000 ಲೀಟರಿನಂತೆ 150 ದಿನ ನೀರೆತ್ತಿದರೆ ಒಂದು ಬಾವಿಯಲ್ಲಿ 3,300 ಯೂನಿಟ್ಟು ಉಳಿಯುವುದು; ಅದರೊಡನೆ 23 ಕ್ವಿಂಟಲಿನಷ್ಟು ಇಂಗಾಲಾಮ್ಲ ವಾಯುವೂ ತಪ್ಪುವುದು.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ 2008ರಿಂದ ವಿದ್ಯುಚ್ಛಕ್ತಿಯನ್ನು ಉಚಿತವಾಗಿ ಕೊಡಲಾಗುತ್ತಿದೆ. ಯೂನಿಟ್ಟು ಉಳಿದರೆ ಉಳಿತಾಯವು ಸರ್ಕಾರಕ್ಕೆ. ಹೊಸ ಪಂಪಿನ ಬೆಲೆಯು ರೈತನಿಗೆ. ಹೀಗಿರುವಾಗ ರೈತನೇಕೆ ಚಿಂತಿಸಬೇಕು? ಈ ಪ್ರಶ್ನೆಯು ನ್ಯಾಯವಾದದ್ದು. ಡೀಸೆಲ್ ಪಂಪು ಇಟ್ಟಿರುವವರಿಗೆ ಲಾಭವು ನೇರವಾಗಿ ದೊರೆಯುವುದು. ಉಚಿತ ವಿದ್ಯುಚ್ಛಕ್ತಿಯವರಿಗೆ ಯೂನಿಟ್ಟಿನ ಹಣದಲ್ಲಿ ಲಾಭವಿಲ್ಲದಿದ್ದರೂ ಬೇರೆ ಮೂರು ಬಗೆಯಲ್ಲಿ ಪ್ರಯೋಜನವುಂಟು. ಮೊದಲನೆಯದಾಗಿ, ಒಂದು ಟ್ರಾನ್ಸ್‌ಫಾರ್ಮರಿನ ಕೆಳಗಿರುವ ಪಂಪುಗಳೆಲ್ಲ ಮಿತವಾಗಿ ಹೀರಿದರೆ ವೋಲ್ಟೇಜು ಕುಸಿಯುವುದಿಲ್ಲ, ಮೋಟಾರುಗಳು ಸುಡುವುದೂ ಕಡಮೆಯಾಗುವುದು. ಎರಡನೆಯದಾಗಿ, ವಿದ್ಯುಚ್ಛಕ್ತಿ ಇರುವ ಕೆಲವೇ ಗಂಟೆಗಳಲ್ಲಿ ಹೊಲಕ್ಕೆ ಬೇಕಾದ ನೀರು ಸಿಕ್ಕುವುದು. ಮೂರನೆಯದಾಗಿ, ಬಾವಿಯ ಇಳುವರಿಗೆ ತಕ್ಕ ಅಳತೆಯ ಪಂಪು ಇದ್ದರೆ ಅದು ನೀರಿಲ್ಲದೆ ಬರಿದಾಗಿ ಓಡಿ ಹಾಳಾಗುವುದು ತಪ್ಪುವುದು.

ಆದರೆ ಎಚ್ಚರಿಕೆಯ ಮಾತೊಂದನ್ನು ಇಲ್ಲಿಯೇ ಹೇಳಬೇಕು. ಒಳ್ಳೆಯ ಪಂಪು ಬಂತೆಂದು ಹಿಂದಿನಷ್ಟೇ ಹೊತ್ತು ಓಡಿಸಿದರೆ ನೀರು ಹೆಚ್ಚು ಬರುವುದು, ಬಾವಿ ಬೇಗ ಬತ್ತುವುದು, ಆಳಕ್ಕೆ ಇಳಿದ ನೀರನ್ನು ಎತ್ತುವುದಕ್ಕೆ ಮತ್ತೆ ಹೆಚ್ಚು ಶಕ್ತಿ ಬೇಕಾಗುವುದು. ತುಮಕೂರು ಜಿಲ್ಲೆಯ ಅನೇಕ ತಾಲ್ಲೂಕುಗಳು ಅಂತರ್ಜಲದ ಅತಿಬಳಕೆಯ ಪಟ್ಟಿಗೆ ಸೇರಿವೆ. ಆದುದರಿಂದ ಪಂಪನ್ನು ಬದಲಾಯಿಸುವವರು ಹನಿ ನೀರಾವರಿಯನ್ನೂ ಜೊತೆಗೇ ಅಳವಡಿಸಬೇಕು. ಪಂಪು ಓಡುವ ಹೊತ್ತನ್ನು ಕಡಮೆಮಾಡಬೇಕು. ಹಾಗೆ ಮಾಡದ ಪಕ್ಷದಲ್ಲಿ ಉಳಿತಾಯವೆಲ್ಲವೂ ಬಾವಿಯ ತಳದಲ್ಲಿ ಕಳೆದುಹೋಗುವುದು. ಕೊಳವೆಯ ಅಗಲವನ್ನೂ ನೋಡಬೇಕು. ಕೊಳವೆಯ ವ್ಯಾಸವನ್ನು ಅರ್ಧಕ್ಕೆ ಇಳಿಸಿದರೆ ಅಷ್ಟೇ ನೀರನ್ನು ಸಾಗಿಸುವಲ್ಲಿ ಘರ್ಷಣೆಯ ನಷ್ಟವು ಸುಮಾರು ಮೂವತ್ತು ಪಾಲಾಗುವುದು. ಕೊಳವೆ ಕೊಳ್ಳುವಾಗ ಉಳಿಸಿದ ಹಣವು ಬಹಳ ದುಬಾರಿಯ ಹಣ.

ಪುರ ಮತ್ತು ಹೊಸಹಳ್ಳಿಯ ಅನುಭವ

ಒಬ್ಬೊಬ್ಬರು ಮಾಡಲಾಗದುದನ್ನು ಊರೆಲ್ಲ ಸೇರಿ ಮಾಡಿದ ಉದಾಹರಣೆಗಳೂ ಕುಣಿಗಲ್ ತಾಲ್ಲೂಕಿನಲ್ಲಿಯೇ ಇವೆ. ಮೇಲೆ ಹೇಳಿದ ಪುರದಲ್ಲಿ ಊರಿನ ಸಗಣಿಯಿಂದ ಅನಿಲವನ್ನು ತೆಗೆದು, ಅದರಿಂದ ಎಂಜಿನ್ನನ್ನು ನಡೆಸಿ, 1987ರಿಂದ ಕುಡಿಯುವ ನೀರನ್ನು ನಲ್ಲಿಗಳಿಗೆ ಒದಗಿಸಿದರು. ಮನೆಗಳಿಗೆ ದೀಪವನ್ನೂ ಕೊಟ್ಟರು. ಸಗಣಿ ತಂದು ಕೊಟ್ಟವರಿಗೆ ಅನಿಲ ತೆಗೆದ ಬಗ್ಗಡವು ಗೊಬ್ಬರವಾಗಿ ಹಿಂದಕ್ಕೆ ದೊರೆಯುತ್ತಿತ್ತು; ಹೊತ್ತು ತಂದ ಶ್ರಮಕ್ಕೆ ಸ್ವಲ್ಪ ಹಣವೂ ಸಿಕ್ಕುತ್ತಿತ್ತು. ಹೊಸಹಳ್ಳಿಯಲ್ಲಿ 1988ರಲ್ಲಿ ಸೌದೆಯ ತುಂಡುಗಳಿಂದ ಅನಿಲ ತಯಾರಿಸುವ ಯಂತ್ರವನ್ನು ಸ್ಥಾಪಿಸಿ, ಅದಕ್ಕೆ ಬೇಕಾದ ಮರಗಳನ್ನು ಊರಿನ ನೆಲದಲ್ಲಿಯೇ ಬೆಳೆಸಿ, ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ ಇವುಗಳನ್ನು ನಡೆಸಿದರು.

ಈ ಎರಡು ಸ್ಥಾವರಗಳೂ ಅನೇಕ ವರ್ಷ ಕೆಲಸಮಾಡಿ ಅನಂತರ ನಿಂತುವು. ನಿಂತುವೆಂಬ ಕಾರಣದಿಂದ ಅವುಗಳನ್ನು ನಿಷ್ಪ್ರಯೋಜಕವೆಂದು ತಳ್ಳಿಹಾಕುವುದು ಸರಿಯಲ್ಲ. ಯಂತ್ರವು ಹಳ್ಳಿಯಲ್ಲಿ ನಡೆಯಬಲ್ಲುದೆಂಬುದು ಅಲ್ಲಿ ಸಿದ್ಧಪಟ್ಟಿತು. ಇಂತಹ ಸಾಮೂಹಿಕ ಕೆಲಸವನ್ನು ಕೈಗೊಳ್ಳುವ ಗ್ರಾಮದ ಮುಖಂಡರು ಮೊದಲೇ ನಿಶ್ಚಯಿಸಬೇಕಾದ ಸಂಗತಿಗಳು ಕೆಲವುಂಟು. ಯಂತ್ರವು ಕೆಟ್ಟಾಗ ದುರಸ್ತಿಯ ಹಣವು ಎಲ್ಲಿಂದ ಬರಬೇಕು? ತಿಂಗಳ ಹಣವನ್ನು ಕೊಡದವರ ವಿಷಯದಲ್ಲಿ ಏನು ಮಾಡಬೇಕು? ಸಗಣಿ ಅಥವಾ ಸೌದೆಯನ್ನು ಕೊಡುವವರಿಗೆ ಹಿಂದಕ್ಕೆ ಏನು ದೊರೆಯಬೇಕು? ಸರ್ಕಾರದ ತಂತಿಯು ಊರಿಗೆ ಬಂದ ಮೇಲೂ ಸ್ಥಾವರದಿಂದ ಜನರಿಗೆ ಯಾವ ಪ್ರಯೋಜನ ಉಳಿಯುವುದು? ಇವಕ್ಕೆ ಉತ್ತರವನ್ನು ಬರೆದಿಟ್ಟುಕೊಂಡು ಆಮೇಲೆ ಯಂತ್ರವನ್ನು ತರಿಸತಕ್ಕದ್ದು.

ತಪ್ಪಿಸಿದ ಹೊಗೆಗೆ ಬೆಲೆ

ಹೊಗೆಯನ್ನು ತಪ್ಪಿಸಿದವರಿಗೆ ಹಣ ಕೊಡುವ ಏರ್ಪಾಡು 1997ರ ಕ್ಯೋಟೊ ಒಪ್ಪಂದದಿಂದ ಲೋಕದಲ್ಲಿ ರೂಢಿಗೆ ಬಂತು. ಬಾಗೇಪಲ್ಲಿಯ ಕೂಲಿ ಸಂಘದವರು ಸಣ್ಣ ರೈತರ ಮನೆಗಳಿಗಾಗಿ ರೂಪಿಸಿದ 5,500 ಗೋಬರ್ ಅನಿಲ ಸ್ಥಾವರಗಳ ಯೋಜನೆಯು 2005ರಲ್ಲಿ ಈ ಏರ್ಪಾಡಿನಲ್ಲಿ ದಾಖಲಾಯಿತು. ಒಂದೊಂದು ಮನೆಯ ಉಳಿತಾಯವು ಅಲ್ಪವಾದರೂ ಸಾವಿರಾರು ಮನೆಗಳ ಉಳಿತಾಯವು ಮಾರಾಟಕ್ಕೆ ಯೋಗ್ಯವಾದ ಮೊತ್ತವಾಗುವುದು. ಭಾರತ ಸರ್ಕಾರದವರು 2023ರಲ್ಲಿ ದೇಶದೊಳಗೆ ಇಂತಹ ವ್ಯಾಪಾರಕ್ಕೆ ನಿಯಮಗಳನ್ನು ಪ್ರಕಟಿಸಿದರು. ಒಬ್ಬ ರೈತನು ತಾನೊಬ್ಬನೇ ಇದರಲ್ಲಿ ಸೇರುವುದು ಸಾಧ್ಯವಲ್ಲ. ಸಂಘ ಅಥವಾ ಸಂಸ್ಥೆಯೊಂದರ ಮೂಲಕ ಸೇರಬೇಕು. ಮುಂಗಡ ಹಣ ಕೇಳುವ ದಲ್ಲಾಳಿಗಳ ಮಾತಿಗೆ ಒಪ್ಪಿ ಕಾಗದಕ್ಕೆ ರುಜು ಹಾಕಬಾರದು.

ಕಾರ್ಖಾನೆಗಳ ಮೇಲೂ ಈ ವಿಷಯದ ಒತ್ತಡವು ಹೆಚ್ಚುತ್ತಿದೆ. ಷೇರುಪೇಟೆಯಲ್ಲಿರುವ ದೊಡ್ಡ ಕಂಪೆನಿಗಳಲ್ಲಿ ಮೊದಲಿನ ಸಾವಿರ ಕಂಪೆನಿಗಳು ತಾವು ವ್ಯಯಿಸಿದ ಶಕ್ತಿಯನ್ನೂ ಬಿಟ್ಟ ವಾಯುಗಳನ್ನೂ 2022-23ನೆಯ ಸಾಲಿನಿಂದ ವರದಿಮಾಡಬೇಕಾಗಿದೆ. ಯೂರೋಪಿನ ಒಕ್ಕೂಟದವರು ಕಬ್ಬಿಣ, ಅಲ್ಯೂಮಿನಿಯಂ, ಸಿಮೆಂಟು, ರಸಗೊಬ್ಬರ ಮೊದಲಾದ ಸರಕುಗಳನ್ನು ತರಿಸುವವರಿಂದ 2023ರ ಅಕ್ಟೋಬರಿನಿಂದ ಇಂತಹ ಲೆಕ್ಕವನ್ನು ಕೇಳತೊಡಗಿದರು. ದೊಡ್ಡ ಕಂಪೆನಿಯು ತನಗೆ ಬಿಡಿಭಾಗ ಒದಗಿಸುವ ಸಣ್ಣ ಕಾರ್ಖಾನೆಯಿಂದ ಲೆಕ್ಕ ಕೇಳುವುದು ಇದರ ಸಹಜ ಪರಿಣಾಮ. ಲೆಕ್ಕವಿಟ್ಟವರಿಗೆ ವ್ಯಾಪಾರವು ಉಳಿಯುವುದು.

ಜಮೀನಿನಿಂದಲೇ ವರಮಾನ ದೊರೆತ ಬಗೆಯೂ ಉಂಟು. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತಲಿನ ಐದು ಹಳ್ಳಿಗಳಲ್ಲಿ ಸುಮಾರು 13,000 ಎಕರೆ ಭೂಮಿಯನ್ನು ಗುತ್ತಿಗೆಗೆ ಪಡೆದು 2,050 ಮೆಗಾವಾಟಿನ ಸೂರ್ಯಶಕ್ತಿಯ ಉದ್ಯಾನವನ್ನು 2019ರ ಅಂತ್ಯಕ್ಕೆ ಪೂರ್ಣಗೊಳಿಸಿದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಆರಂಭವಾಗಿ ಎರಡು ವರ್ಷಗಳಿಗೊಮ್ಮೆ ನೂರಕ್ಕೆ 5ರಂತೆ ಏರುವ ಕರಾರಿದೆ. ಮಳೆಯನ್ನೇ ನಂಬಿದ್ದ ಭೂಮಿಯ ಒಡೆಯರಿಗೆ ಇದು ನಿಶ್ಚಿತವಾದ ವರಮಾನ. ಆ ಹೊಲಗಳಲ್ಲಿ ದುಡಿಯುತ್ತಿದ್ದ ಭೂಮಿಯಿಲ್ಲದ ಕೂಲಿಗಾರರಿಗೆ ಗುತ್ತಿಗೆಯ ಹಣದಲ್ಲಿ ಪಾಲಿಲ್ಲ. ಇಂತಹ ಕರಾರನ್ನು ತಮ್ಮ ಊರಿನಲ್ಲಿ ವಿಚಾರಮಾಡುವ ಮುಖಂಡರು ಅವರ ಜೀವನೋಪಾಯವನ್ನೂ ಅದೇ ಸಭೆಯಲ್ಲಿ ಚರ್ಚಿಸುವುದು ಉಚಿತ.

ಆಚರಿಸಬೇಕಾದ ಕ್ರಮಗಳು

1. ಒಲೆ, ಗೂಡು, ಗಿರಣಿ, ಪಂಪು ಇವುಗಳಲ್ಲಿ ಪ್ರತಿಯೊಂದಕ್ಕೂ ಒಂದು ಪುಸ್ತಕವನ್ನಿಟ್ಟು, ವ್ಯಯವಾದ ಇಂಧನವನ್ನೂ ತಯಾರಾದ ಸರಕನ್ನೂ ಬರೆಯತಕ್ಕದ್ದು. ಒಂದು ಕ್ವಿಂಟಲ್ ಅಡಿಕೆಗೆ ಎಷ್ಟು ಸೌದೆ, ಒಂದು ಮೂಟೆ ಅಕ್ಕಿಗೆ ಎಷ್ಟು ಯೂನಿಟ್ಟು ಎಂದು ವರ್ಷಕ್ಕೊಮ್ಮೆ ಲೆಕ್ಕ ಕಟ್ಟಬೇಕು.

2. ಮೊದಲು ಸೋರಿಕೆ, ಮುಚ್ಚಳ, ಒಣಸೌದೆ, ಜಾಲರಿ ಮುಂತಾದ ಅಲ್ಪವೆಚ್ಚದ ಸುಧಾರಣೆಗಳನ್ನು ಮಾಡಿ, ಅನಂತರ ಯಂತ್ರವನ್ನು ಬದಲಾಯಿಸುವ ಯೋಚನೆ ಮಾಡಬೇಕು.

3. ಪಂಪನ್ನು ಕೊಳ್ಳುವ ಮುಂಚೆ ಬಾವಿಯ ಆಳವನ್ನೂ ಗಂಟೆಗೆ ಬರುವ ನೀರನ್ನೂ ಅಳೆಯಿಸಬೇಕು. ನೆರೆಯವನ ಪಂಪಿಗಿಂತ ದೊಡ್ಡದಿರಬೇಕೆಂಬ ಹಟವು ನಷ್ಟಕ್ಕೆ ಕಾರಣ.

4. ನಾಲ್ಕೈದು ದನಗಳಿದ್ದು ದಿನಕ್ಕೆ 50 ಕಿಲೋಗ್ರಾಮು ಸಗಣಿ ದೊರೆಯುವ ಮನೆಯಲ್ಲಿ 2 ಘನಮೀಟರಿನ ಗೋಬರ್ ಅನಿಲ ಸ್ಥಾವರವನ್ನು ಕಟ್ಟಿಸಬಹುದು. ಸಾಧಾರಣ ಸಂಸಾರದ ಅಡುಗೆಗೆ ಅದು ಸಾಕು. ಬಗ್ಗಡವು ಹೊಲಕ್ಕೆ ಒದಗಿ ಯೂರಿಯಾದ ಖರ್ಚೂ ತಗ್ಗುವುದು.

5. ಸೌದೆಯನ್ನು ಸುಡುವ ಉದ್ಯಮದವರು ಸುಟ್ಟಷ್ಟು ಬೆಳೆಯುವಂತೆ ಬದುಗಳಲ್ಲಿ ಹೊಂಗೆ, ಬೇವು, ಗೊಬ್ಬರದ ಗಿಡ ಮೊದಲಾದವುಗಳನ್ನು ಪ್ರತಿ ಮುಂಗಾರಿನಲ್ಲಿಯೂ ನೆಡಬೇಕು.

ಗ್ರಾಮದ ಮುಖಂಡರೂ ಜಮೀನುದಾರರೂ ಮೊದಲು ತಮ್ಮ ಸ್ವಂತ ಒಲೆಯಲ್ಲಿ ಅಥವಾ ಪಂಪಿನಲ್ಲಿ ಒಂದು ಸುಗ್ಗಿಯ ಕಾಲ ಈ ಲೆಕ್ಕವನ್ನು ಇಟ್ಟು ನೋಡಿ, ಬಂದ ಅಂಕಿಗಳನ್ನು ಗ್ರಾಮಸಭೆಯಲ್ಲಿ ಓದಿ ಹೇಳಿದರೆ, ನೆರೆಯವರು ಅದನ್ನು ಅನುಸರಿಸುವುದಕ್ಕೆ ಬೇರೆ ಬೋಧನೆಯು ಬೇಕಾಗಲಾರದು.